ಮೊಟ್ಟೆಯ ಪ್ರಭಾರದಲ್ಲಿ ಬಾಳೆಹಣ್ಣು

ನಿರ್ದೇಶಕರ ಕಚೇರಿ
ಎರಡನೇ ಮಹಡಿ, ಲಿಫ್ಟ್ ಕೆಟ್ಟಿರುವ ಪಾರ್ಶ್ವ

ಸಂಖ್ಯೆ: ನಿ.ಕ/ಕೇಕು/ಬದಲಿ/ಪ್ರಭಾರ/14
ದಿನಾಂಕ: ತಿಂಗಳ ಕೊನೆಯ ಕೆಲಸದ ದಿನ, ಚಹಾದ ನಂತರ

ಸುತ್ತೋಲೆ

ವಿಷಯ: ಮನೆಯಲ್ಲಿ ಕೇಕು ಬೇಯಿಸುವಾಗ ಇಲ್ಲದ ಪದಾರ್ಥದ ಜಾಗದಲ್ಲಿ ಇರುವ ಪದಾರ್ಥವನ್ನು ಕೂರಿಸುವ ಬಗ್ಗೆ, ಹಾಗೂ ತತ್ಪರಿಣಾಮವಾಗಿ, ಅಧೀಕ್ಷಕರ ಹುದ್ದೆಯಲ್ಲಿ ಯಾರನ್ನು ಕೂರಿಸುವುದು ಎಂಬ ಬಗ್ಗೆ.

ಉಲ್ಲೇಖ:
(1) ಮಾಸಿಕ ಪರಿಶೀಲನಾ ಸಭೆಗೆ ಸಿಬ್ಬಂದಿಯು ಸರದಿಯಂತೆ ಮನೆಯಲ್ಲಿ ಮಾಡಿದ ಕೇಕು ತರುವ ಬಗ್ಗೆ ಹೊರಡಿಸಿದ ಹಳೆಯ ಸುತ್ತೋಲೆ (ಜಿಡ್ಡಿನ ಕಾರಣ ಸಂಖ್ಯೆ ಓದಲಾಗುತ್ತಿಲ್ಲ).
(2) ನಿರ್ದೇಶಕರು ಕೈ ಒರೆಸುವ ಕಾಗದದ ಮೇಲೆ ಬರೆದ ಟಿಪ್ಪಣಿ.
(3) ವಿಚಾರಣಾ ಸಮಿತಿಯ ವರದಿ, ಹನ್ನೊಂದು ಪುಟ. ಈ ಪೈಕಿ ಮೂರು ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ.

ಸಿಬ್ಬಂದಿಯವರು, ಅವರ ಮನೆಯವರು ಹಾಗೂ ಮನೆಯವರ ಅಡುಗೆಮನೆಯ ಡಬ್ಬಿಗಳು ಇನ್ನು ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಈ ಕೆಳಗಿನಂತೆ ವಿಧಿಸಲಾಗಿದೆ.

ಅ. ಪ್ರಕರಣದ ಹಿನ್ನೆಲೆ

1. ಕಳೆದ ತಿಂಗಳ ಸಭೆಗೆ ಕೇಕು ತರುವ ಸರದಿ ಈ ಕಚೇರಿಯ ಪ್ರಭಾರ ಅಧೀಕ್ಷಕಿಯವರದಾಗಿತ್ತು. ಖಾಯಂ ಅಧೀಕ್ಷಕರು ಹದಿನೈದು ದಿನದ ರಜೆ ಹಾಕಿದಾಗ ಸದರಿಯವರು ‘ಮುಂದಿನ ಆದೇಶದವರೆಗೆ’ ಎಂಬ ಷರತ್ತಿನ ಮೇಲೆ ಪ್ರಭಾರ ವಹಿಸಿಕೊಂಡಿದ್ದು, ಅದಕ್ಕೆ ಈಗ ಏಳು ವರ್ಷ ನಾಲ್ಕು ತಿಂಗಳಾಗಿರುತ್ತದೆ. ಖಾಯಂ ಅಧೀಕ್ಷಕರು ರಜೆಯಲ್ಲಿದ್ದಂತೆಯೇ ನಿವೃತ್ತರಾಗಿರುತ್ತಾರೆ. ಮುಂದಿನ ಆದೇಶ ಬಂದಿರುವುದಿಲ್ಲ. ಅಧೀಕ್ಷಕರ ಕುರ್ಚಿಯು ಖಾಯಂ ಹುದ್ದೆಯ ಆಸ್ತಿಯಾದ ಕಾರಣ, ಪ್ರಭಾರದವರು ಇಷ್ಟೂ ಕಾಲ ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಕುರ್ಚಿಯ ಕೆಲಸವನ್ನು ನಿರ್ವಹಿಸಿರುತ್ತಾರೆ.

2. ಸದರಿ ಕೇಕನ್ನು ನಿರ್ದೇಶಕರು ಒಂದನೇ ತುಂಡು, ಎರಡನೇ ತುಂಡು ಮತ್ತು ‘ಚೂರೇ ಚೂರು’ ಎಂಬ ಹೆಸರಿನ ಮೂರನೇ ತುಂಡಿನವರೆಗೆ ಕೂಲಂಕಷವಾಗಿ ಪರಿಶೀಲಿಸಿ, "ಮೊಟ್ಟೆ ಎಷ್ಟಮ್ಮಾ ಹಾಕಿದ್ರಿ? ಹತ್ತಿ ಥರ ಬಂದಿದೆ" ಎಂದು ವಿಚಾರಿಸಲಾಗಿ, "ಮೊಟ್ಟೆ ಇರ್ಲಿಲ್ಲ ಸಾರ್, ಬಾಳೆಹಣ್ಣು ಹಾಕ್ದೆ" ಎಂದು ಪ್ರಭಾರದವರು ಸತ್ಯವನ್ನೇ ನುಡಿದಿರುತ್ತಾರೆ. ಒಂದು ಎಳೆ ಹಿಡಿದೆಳೆದರೆ ಇಡೀ ಸ್ವೆಟರ್ ಬಿಚ್ಚಿಕೊಂಡಂತೆ, ಬೆಣ್ಣೆಯ ಜಾಗದಲ್ಲಿ ಬೇಯಿಸಿದ ಕುಂಬಳಕಾಯಿ, ಸಕ್ಕರೆಯ ಜಾಗದಲ್ಲಿ ನೆನೆಸಿದ ಖರ್ಜೂರ, ಹಾಲಿನ ಜಾಗದಲ್ಲಿ ಒಡೆದ ಹಾಲು ಎಂಬುದು ಒಂದೊಂದಾಗಿ ಹೊರಬಿದ್ದಿರುತ್ತದೆ. ಮೈದಾ ಹಿಟ್ಟಿನ ಬಗ್ಗೆ ಕೇಳುವ ಧೈರ್ಯವನ್ನು ನಿರ್ದೇಶಕರು ಮಾಡಿರುವುದಿಲ್ಲ.

3. ತಕ್ಷಣವೇ ಉಲ್ಲೇಖ (2)ರ ಟಿಪ್ಪಣಿ ಹೊರಟಿತು. ಅದರ ಪೂರ್ಣಪಾಠ: "ಕೇಕಲ್ಲೂ ಬದಲಿ, ಕುರ್ಚಿಯಲ್ಲೂ ಬದಲಿ. ಈ ಆಫೀಸಲ್ಲಿ ಅಸಲಿ ಅಂತ ಏನಾದ್ರೂ ಇದೆಯಾ? ಚರ್ಚಿಸಿ." ಚರ್ಚಿಸಲಾಗಿ, ಬರುವ ಒಂದನೇ ತಾರೀಖಿನಿಂದ ಬೇರೊಂದು ಕಚೇರಿಯ ಖಾಯಂ ಅಧೀಕ್ಷಕರೊಬ್ಬರನ್ನು (ಇನ್ನು ಮುಂದೆ ‘ಅಸಲಿ’ ಎಂದು ಕರೆಯಲಾಗುವುದು) ಇಲ್ಲಿಗೆ ತರಿಸುವುದು, ಪ್ರಭಾರದವರನ್ನು ಅವರ ಹಳೆಯ ಜಾಗವಾದ ಟಪಾಲು ವಿಭಾಗಕ್ಕೆ ಮರಳಿಸಿ ಲಕೋಟೆ ಅಂಟಿಸುವ ಕೆಲಸ ವಹಿಸುವುದು ಎಂಬ ಪ್ರಸ್ತಾವ ಸಿದ್ಧವಾಗಿ, ಸಹಿಗಾಗಿ ನಿರ್ದೇಶಕರ ಮೇಜಿಗೆ ಹೋಯಿತು. ಈ ಪ್ರಸ್ತಾವದ ಕರಡನ್ನೂ ಪ್ರಭಾರದವರೇ ಬರೆದುಕೊಟ್ಟಿರುತ್ತಾರೆ. ಕಚೇರಿಯಲ್ಲಿ ಕರಡು ಬರೆಯಲು ಬೇರಾರಿಗೂ ಬರುವುದಿಲ್ಲ. ಅದರಲ್ಲಿ ಒಂದು ತಪ್ಪೂ ಇರಲಿಲ್ಲವೆಂದು ಪ್ರಮಾಣೀಕರಿಸಲಾಗಿದೆ.

4. ಸಹಿ ಹಾಕುವ ಮುನ್ನ, ಬದಲಿ ಪದಾರ್ಥ ಬಳಸಿದ್ದು ಚಾಳಿಯೋ ಅನಿವಾರ್ಯವೋ ಎಂದು ತಿಳಿಯುವುದು ಸೂಕ್ತವೆಂದು ನಿರ್ದೇಶಕರು ಅಭಿಪ್ರಾಯಪಟ್ಟ ಮೇರೆಗೆ ವಿಚಾರಣೆಗೆ ಆದೇಶಿಸಲಾಯಿತು.

ಆ. ವಿಚಾರಣೆ

5. ಕಚೇರಿಯ ಮೊಹರುಗಳನ್ನು ಕಾಯುವ ಹಿರಿಯ ಗುಮಾಸ್ತರು (ಎಲ್ಲರ ಬಾಯಲ್ಲಿ ‘ಮುದ್ರೆ ಮಾಮ’) ಮತ್ತು ಜೀಪಿನ ಚಾಲಕರು ಒಳಗೊಂಡ ದ್ವಿಸದಸ್ಯ ಸಮಿತಿಯು ಪ್ರಭಾರದವರ ಮನೆಗೆ ಭೇಟಿ ನೀಡಿತು. ಅಡುಗೆಮನೆಯು ಒವನ್ನಿನ ಬಾಗಿಲು ತೆರೆದರೆ ತನ್ನ ಬಾಗಿಲು ಮುಚ್ಚಬೇಕಾದಷ್ಟು ವಿಶಾಲವಾಗಿದೆ. ಕಿಟಕಿಯ ಹಲಗೆಯ ಮೇಲೆ ಕಪ್ಪು ಚುಕ್ಕೆಯ ಬಾಳೆಹಣ್ಣು ಎರಡು, ಉಪ್ಪಿನಕಾಯಿ ಮುಗಿದ ಸೀಸೆಯಲ್ಲಿ ಕಡಲೆ ಬೇಯಿಸಿದ ನೀರು, ಅಳತೆಯ ಬಟ್ಟಲಿನ ಬದಲಿಗೆ ಹಿಡಿ ಮುರಿದ ಟೀ ಕಪ್ಪು, ಇವುಗಳನ್ನು ಪಂಚನಾಮೆ ಮಾಡಲಾಯಿತು.

6. ಮನೆಯಲ್ಲಿದ್ದ ಅತ್ತೆಯವರ ಹೇಳಿಕೆಯನ್ನು ಅವರ ಮಾತಿನಲ್ಲೇ ದಾಖಲಿಸಲಾಗಿದೆ: "ಅಂಗಡಿಯವನು ಬಾಗಿಲು ಹಾಕಿದ್ದ. ಬೆಳಗಾದ್ರೆ ಮೀಟಿಂಗು. ನಾಳೆ ತರ್ತೀನಿ ಅಂತ ಹೇಳೋ ಜಾಯಮಾನ ಅವಳದ್ದಲ್ಲ. ಇರೋದ್ರಲ್ಲಿ ಮಾಡಿದ್ಲು. ಇರೋದ್ರಲ್ಲಿ ಮಾಡೋದು ತಪ್ಪು ಅಂದ್ರೆ ಅವಳನ್ನ ಯಾಕೆ ಕೇಳ್ತೀರಪ್ಪಾ, ನನ್ನನ್ನ ಕೇಳಿ, ಕಲಿಸಿದ್ದು ನಾನು. ಮದುವೆಯಾಗಿ ಬಂದಾಗ ಪುಸ್ತಕ ನೋಡ್ಕೊಂಡು ಕೇಕ್ ಮಾಡೋಳು, ಒಂದು ಸಾಮಾನು ಇಲ್ಲ ಅಂದ್ರೆ ಪುಸ್ತಕ ಮುಚ್ಚಿಬಿಡೋಳು. ನಾನು ಪುಸ್ತಕ ಎತ್ತಿಟ್ಟೆ. ನಿಂತ್ಕೊಂಡೇ ಬರೀತೀರಲ್ಲ, ಕೂತ್ಕೊಳಿ, ನಿನ್ನೆ ಮಾಡಿದ ಕೇಕು ಅರ್ಧ ಉಳಿದಿದೆ."

7. ಉಳಿದ ಅರ್ಧ ಕೇಕನ್ನು ಸಾಕ್ಷ್ಯವಸ್ತುವಾಗಿ ವಶಪಡಿಸಿಕೊಳ್ಳಲಾಗಿದ್ದು, ಅದು ಕಚೇರಿಯನ್ನು ತಲುಪಿರುವುದಿಲ್ಲ. ಈ ಬಗ್ಗೆ ಕಾರಣ ಕೇಳಿದಾಗ ಚಾಲಕರು "ದಾರೀಲಿ ರೋಡು ಸರಿ ಇರ್ಲಿಲ್ಲ ಸಾರ್" ಎಂದು ಉತ್ತರಿಸಿದ್ದು, ಮುದ್ರೆ ಮಾಮನವರು ಮೀಸೆ ಒರೆಸಿಕೊಂಡಿರುತ್ತಾರೆ. ಉತ್ತರವನ್ನು ಅಂಗೀಕರಿಸಲಾಗಿದೆ.

ಇ. ನಿಯಮಗಳು

8. ಪದಾರ್ಥಗಳು ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡುವ ಬಗ್ಗೆ ಇಲಾಖೆಯಲ್ಲಿ ಯಾವುದೇ ನಿಯಮಾವಳಿ ಲಭ್ಯವಿಲ್ಲ. ಆದುದರಿಂದ ಅದರ ಜಾಗದಲ್ಲಿ ನೌಕರರ ಪ್ರಭಾರ, ವರ್ಗಾವಣೆ ಮತ್ತು ಜ್ಯೇಷ್ಠತಾ ನಿಯಮಾವಳಿಯನ್ನೇ ಬಳಸಲಾಗಿದೆ. ಈ ಬದಲಿಗೆ ಮಾತ್ರ ಪೂರ್ವಾನುಮತಿ ಪಡೆಯಲಾಗಿದೆ.

9. ಯಾವುದೇ ಪದಾರ್ಥವು ಇನ್ನೊಂದರ ಪ್ರಭಾರವನ್ನು ಲಿಖಿತ ಆದೇಶವಿಲ್ಲದೆ ವಹಿಸಿಕೊಳ್ಳತಕ್ಕದ್ದಲ್ಲ. ಆದೇಶದ ಒಂದು ಪ್ರತಿಯನ್ನು ಡಬ್ಬಿಗೆ ಅಂಟಿಸುವುದು, ಒಂದನ್ನು ಮುಚ್ಚಳಕ್ಕೆ. ಬಾಳೆಹಣ್ಣಿನ ವಿಷಯದಲ್ಲಿ ಸಿಪ್ಪೆಯ ಮೇಲೆಯೇ ಬರೆಯಬಹುದು. ಆದರೆ ಸುಲಿದ ನಂತರ ಆದೇಶವು ತಾನಾಗಿಯೇ ರದ್ದಾಗುವುದರಿಂದ, ಸುಲಿಯುವ ಮೊದಲೇ ಹಿಸುಕತಕ್ಕದ್ದು.

10. ಒಂದು ಮೊಟ್ಟೆಯ ಪ್ರಭಾರಕ್ಕೆ ಒಂದು ಮಧ್ಯಮ ಗಾತ್ರದ ಬಾಳೆಹಣ್ಣು ಸಾಕು. ಬಾಳೆಹಣ್ಣುಗಳ ಪೈಕಿ ಜ್ಯೇಷ್ಠತೆಯನ್ನು ಕಪ್ಪು ಚುಕ್ಕೆಗಳ ಸಂಖ್ಯೆಯ ಆಧಾರದ ಮೇಲೆ ನಿರ್ಧರಿಸತಕ್ಕದ್ದು. ಪೂರ್ತಿ ಕಪ್ಪಗಾದ ಹಣ್ಣು ಅತ್ಯಂತ ಹಿರಿಯವಾಗಿದ್ದು, ಅದಕ್ಕೆ ಎದುರು ಮಾತಾಡುವಂತಿಲ್ಲ. ಹಸಿರು ಹಣ್ಣು ಪರೀಕ್ಷಾರ್ಥ ಅವಧಿಯಲ್ಲಿರುವುದರಿಂದ ಅಕ್ಕಿಡಬ್ಬಿಯಲ್ಲಿ ಹೂತಿಟ್ಟು ತರಬೇತಿ ನೀಡುವುದು.

11. ಒಂದೇ ಪದಾರ್ಥಕ್ಕೆ ಎರಡಕ್ಕಿಂತ ಹೆಚ್ಚು ಪ್ರಭಾರ ವಹಿಸತಕ್ಕದ್ದಲ್ಲ. ಪರಿಶೀಲನೆಯಲ್ಲಿ, ಹಲವು ಮನೆಗಳಲ್ಲಿ ಮೊಸರೊಂದೇ ಮೊಟ್ಟೆ, ಬೆಣ್ಣೆ ಮತ್ತು ಹಾಲು, ಈ ಮೂರೂ ಹುದ್ದೆಗಳನ್ನು ಏಕಕಾಲಕ್ಕೆ ನಿಭಾಯಿಸುತ್ತಿರುವುದು ಕಂಡುಬಂದಿದೆ. ಮೊಸರು ಹುಳಿಯಾಗಿರುವುದು ಕೆಲಸದ ಒತ್ತಡದಿಂದಲ್ಲ, ಹುಟ್ಟುಗುಣದಿಂದ ಎಂಬ ಟಪಾಲು ವಿಭಾಗದ ವಾದವನ್ನು ತಳ್ಳಿಹಾಕಲಾಗಿದೆ. ಮೂರು ಹುದ್ದೆ ನಿಭಾಯಿಸಿದ ಯಾರೇ ಆದರೂ ಹುಳಿಯಾಗುವುದು ಸಹಜ.

12. ಕಡಲೆ ಬೇಯಿಸಿದ ನೀರು ಸೇವೆ ಮುಗಿಸಿ ಚರಂಡಿಗೆ ಹೊರಟಿದ್ದಾಗ ಅದನ್ನು ತಡೆದು, ಹನ್ನೆರಡು ನಿಮಿಷ ಕಡೆದು, ನೊರೆ ಬರಿಸಿ ಮೊಟ್ಟೆಯ ಬಿಳಿಭಾಗದ ಜಾಗದಲ್ಲಿ ಕೂರಿಸುವುದನ್ನು ‘ನಿವೃತ್ತಿಯ ನಂತರದ ಮರುನೇಮಕ’ ಎಂದು ಪರಿಗಣಿಸಲಾಗುವುದು. ಹಾಗೆ ಮರುನೇಮಕಗೊಂಡ ನೀರು ತನ್ನ ಕಾಲದಲ್ಲಿ ಕಡಲೆ ಹೇಗಿತ್ತೆಂದು ರುಚಿಯ ಮೂಲಕ ಪದೇ ಪದೇ ನೆನಪಿಸತಕ್ಕದ್ದಲ್ಲ.

13. ಉಪ್ಪು ಮತ್ತು ಸಕ್ಕರೆ ನೋಡಲು ಒಂದೇ ರೀತಿ ಇದ್ದರೂ ಪರಸ್ಪರ ವರ್ಗಾವಣೆಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. (ಮುದ್ರೆ ಮಾಮನವರ ಸರದಿಯ ತಿಂಗಳನ್ನು ಸಿಬ್ಬಂದಿಯವರು ಸ್ಮರಿಸಿಕೊಳ್ಳುವುದು.)

14. ಬೆಣ್ಣೆಯ ಜಾಗದಲ್ಲಿ ಕುಂಬಳಕಾಯಿ ಬಳಸುವ ಅಭ್ಯಾಸ ಮತ್ತಾರಿಗಿದೆ ಎಂದು ಸಭೆಯಲ್ಲಿ ಕೇಳಲಾಗಿ, ಐವರು ಸಿಬ್ಬಂದಿ ಹೆಗಲು ಮುಟ್ಟಿ ನೋಡಿಕೊಂಡಿರುತ್ತಾರೆ. ಅವರ ವಿರುದ್ಧ ಕ್ರಮ ಕೈಬಿಡಲಾಗಿದೆ. ಆದರೆ ಪಾಕವಿಧಾನವನ್ನು ಏಳು ದಿನಗಳೊಳಗೆ ದ್ವಿಪ್ರತಿಯಲ್ಲಿ ಸಲ್ಲಿಸುವುದು. ನಿರ್ದೇಶಕರ ಮನೆಯಿಂದ ಎರಡು ಬಾರಿ ನೆನಪೋಲೆ ಬಂದಿರುತ್ತದೆ.

15. ಕೇಕು ಒಂದು ಬದಿಗೆ ವಾಲಿದಲ್ಲಿ ಅಡುಗೆಮನೆಯ ನೆಲ ಡೊಂಕು ಎಂದು ವಾದಿಸತಕ್ಕದ್ದಲ್ಲ. ನೆಲ ನಿಜವಾಗಿಯೂ ಡೊಂಕಿದ್ದಲ್ಲಿ ನೆಲದ ಛಾಯಾಚಿತ್ರ ಲಗತ್ತಿಸುವುದು. ಕೆನೆಯ ಅಲಂಕಾರವು ಕೇಕಿನ ಮೂರನೇ ಒಂದು ಭಾಗವನ್ನು ಮೀರಿದಲ್ಲಿ ಮೂಗಿಗಿಂತ ಮೂಗುತಿ ಭಾರ ಎಂಬ ಶೀರ್ಷಿಕೆಯಡಿ ಆಕ್ಷೇಪಣೆ ದಾಖಲಿಸಲಾಗುವುದು.

16. ಬೇಯುತ್ತಿರುವಾಗ ಒವನ್ನಿನ ಬಾಗಿಲು ತೆರೆದು ಇಣುಕುವುದನ್ನು ಅಕಾಲಿಕ ತಪಾಸಣೆ ಎಂದು ಪರಿಗಣಿಸಲಾಗುವುದು. ಯಾರೋ ಬಂದು ಇಣುಕಿದ ಕೂಡಲೇ ಕುಗ್ಗಿ ಹೋಗುವ ಸ್ವಭಾವ ಕೇಕಿಗೆ ಮಾತ್ರವಲ್ಲ, ಈ ಕಚೇರಿಯ ಎಲ್ಲ ವಿಭಾಗಗಳಿಗೂ ಇದೆ. ಬೆಂದಿದೆಯೇ ಎಂಬುದನ್ನು ಹೆಣಿಗೆಯ ಕಡ್ಡಿ ಚುಚ್ಚಿ ತಿಳಿಯುವುದು. ಕಡ್ಡಿ ಒದ್ದೆಯಾಗಿ ಬಂದಲ್ಲಿ ‘ಮರುಮಂಡಿಸಿ’ ಎಂದು ಷರಾ ಬರೆದು ಒಳಗಿಡುವುದು. ಕಡ್ಡಿಯೇ ಹೊರಬಾರದಿದ್ದಲ್ಲಿ ಕಂಡಿಕೆ 17 ನೋಡುವುದು.

17. ಉಬ್ಬದ ಕೇಕಿಗೆ ಒಂದು ಬಾರಿ ಮಾತ್ರ ಹೆಸರು ಬದಲಾಯಿಸಿಕೊಳ್ಳುವ ಅವಕಾಶ ನೀಡಲಾಗಿದೆ. ಗಟ್ಟಿಯಾದಲ್ಲಿ ಬಿಸ್ಕತ್ತು, ಅತಿ ಗಟ್ಟಿಯಾದಲ್ಲಿ ರಸ್ಕು, ನೀರಾದಲ್ಲಿ ಪುಡಿಂಗು, ಏನೂ ಆಗದಿದ್ದಲ್ಲಿ ‘ಹೊಸ ರುಚಿ’. ಹೆಸರು ಬದಲಾವಣೆಯನ್ನು ಅತಿಥಿಗಳು ತಟ್ಟೆ ಹಿಡಿಯುವ ಮೊದಲೇ ಘೋಷಿಸತಕ್ಕದ್ದು. ತಿಂದ ನಂತರ ಘೋಷಿಸಿದಲ್ಲಿ, ಜಾರಿ ಬಿದ್ದವನು ಮೀಸೆ ಮಣ್ಣಾಗಲಿಲ್ಲ ಎಂದಂತಾಗುವುದರಿಂದ ಮಾನ್ಯವಾಗುವುದಿಲ್ಲ.

18. ತಿನ್ನುವವರು ಬಳಸಬಹುದಾದ ಅಭಿಪ್ರಾಯಗಳು: "ಚೆನ್ನಾಗಿದೆ", "ಇನ್ನೊಂದು ಸಿಗುತ್ತಾ", "ಇದನ್ನ ಹೇಗೆ ಮಾಡಿದ್ರಿ". ಬಳಸಬಾರದವು: "ಬೇರೆ ಥರ ಇದೆ", "ಪರವಾಗಿಲ್ಲ, ಟೀ ಜೊತೆ ನಡೆಯುತ್ತೆ", "ನಮ್ಮ ಅತ್ತಿಗೆನೂ ಮಾಡ್ತಾರೆ". ಮೂರನೆಯದನ್ನು ಬಳಸಿದವರಿಗೆ ಮುಂದಿನ ತಿಂಗಳ ಸರದಿಯನ್ನು ವಿಚಾರಣೆಯಿಲ್ಲದೆ ವಹಿಸಲಾಗುವುದು; ಅತ್ತಿಗೆಯವರ ನೆರವು ಪಡೆಯುವಂತಿಲ್ಲ.

ಈ. ಹೋಲಿಕೆ ಪರೀಕ್ಷೆ

19. ನಿಯಮಗಳು ಸಿದ್ಧವಾದರೂ, ಪ್ರಸ್ತಾವ ಸಹಿಯಿಲ್ಲದೆ ಮೇಜಿನ ಮೇಲೆಯೇ ಇತ್ತು. ಬದಲಿಗಿಂತ ಅಸಲಿ ಎಷ್ಟು ಮೇಲು ಎಂಬುದನ್ನು ಕಣ್ಣಾರೆ ಕಂಡೇ ಸಹಿ ಮಾಡುವುದಾಗಿ ನಿರ್ದೇಶಕರು ತಿಳಿಸಿದ ಮೇರೆಗೆ, ಈ ತಿಂಗಳ ಸಭೆಗೆ ಎಲ್ಲ ಖಾಯಂ ಪದಾರ್ಥಗಳನ್ನು ಬಳಸಿ, ಪುಸ್ತಕದಲ್ಲಿದ್ದಂತೆಯೇ ಕೇಕು ಮಾಡಿ ತರುವಂತೆ ಅಸಲಿ ಅಧೀಕ್ಷಕರನ್ನು ಕೋರಲಾಯಿತು. ಸದರಿಯವರು ಎರಡು ವಾರ ಮುಂಚಿತವಾಗಿ ಮೊಟ್ಟೆ, ಬೆಣ್ಣೆ, ಮೈದಾ ಇತ್ಯಾದಿಗಳನ್ನು ದಾಸ್ತಾನು ಮಾಡಿಕೊಂಡಿರುವುದಾಗಿ ಪತ್ರ ಬರೆದು ತಿಳಿಸಿದ್ದರು. ಪ್ರಭಾರದವರು ಆ ಪತ್ರವನ್ನು ಸ್ವೀಕರಿಸಿ, ಸಂಖ್ಯೆ ಹಾಕಿ, ಕಡತಕ್ಕೆ ಸೇರಿಸಿ, ತಮ್ಮ ಮೇಜಿನ ಖಾನೆಯನ್ನು ಖಾಲಿ ಮಾಡಲು ಆರಂಭಿಸಿರುತ್ತಾರೆ.

20. ಇಂದು ಸಭೆಯ ದಿನ ಅಸಲಿಯವರು ಸರಿಯಾದ ಸಮಯಕ್ಕೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬರಿಗೈಯಲ್ಲಿ ಹಾಜರಾಗಿ ಒಂದು ಪತ್ರ ಸಲ್ಲಿಸಿರುತ್ತಾರೆ. ಪತ್ರದ ಸಾರಾಂಶ: ಪುಸ್ತಕದಲ್ಲಿ ಒಂದು ಚಮಚ ವೆನಿಲಾ ಸಾರ ಎಂದಿದ್ದು, ಅದು ಅಂಗಡಿಯಲ್ಲಿ ದಾಸ್ತಾನಿಲ್ಲದ ಕಾರಣ ಕೇಕನ್ನು ಕೈಗೆತ್ತಿಕೊಳ್ಳಲಾಗಿರುವುದಿಲ್ಲ, ಸಾರ ಲಭ್ಯವಾದ ಕೂಡಲೇ ಮುಂದಿನ ಕ್ರಮ ವಹಿಸಲಾಗುವುದು. ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ಚಹಾ ಆರುತ್ತಿತ್ತು.

21. ಆಗ ಪ್ರಭಾರದವರು ಯಾರ ಆದೇಶಕ್ಕೂ ಕಾಯದೆ (ಕಂಡಿಕೆ 9ರ ಸ್ಪಷ್ಟ ಉಲ್ಲಂಘನೆ) ಎದ್ದು ಚಹಾಕೋಣೆಗೆ ಹೋಗಿರುತ್ತಾರೆ. ಅಲ್ಲಿ ಲಭ್ಯವಿದ್ದದ್ದು: ಸಂದರ್ಶಕರಿಗೆಂದು ಇಟ್ಟು ಮೆತ್ತಗಾದ ಬಿಸ್ಕತ್ತು ಆರು ಪೊಟ್ಟಣ, ಹಾಲಿನಪುಡಿ ಅರ್ಧ ಡಬ್ಬಿ, ಯಾವುದೋ ಸಮಾರಂಭದಲ್ಲಿ ಉಳಿದ ಕಿತ್ತಳೆ ಸೋಡಾ ಒಂದು ಬಾಟಲಿ. ಬಿಸ್ಕತ್ತನ್ನು ಕಾಗದದಡಿ ಹಾಕಿ ಮುದ್ರೆ ಮಾಮನವರ ಭಾರವಾದ ಮೊಹರಿನಿಂದ ಕುಟ್ಟಿ ಪುಡಿ ಮಾಡಿ, ಹಾಲಿನಪುಡಿ ಬೆರೆಸಿ, ಕೊನೆಗೆ ಸೋಡಾ ಸುರಿದು, ನೊರೆ ಇಳಿಯುವ ಮೊದಲೇ ಉಕ್ಕಿನ ತಟ್ಟೆಗೆ ಹಾಕಿ, ಚಹಾದ ದೊಡ್ಡ ಪಾತ್ರೆಯಲ್ಲಿ ಹಬೆಗಿಟ್ಟಿರುತ್ತಾರೆ. ಮುಚ್ಚಳ ಸರಿಯಾಗಿ ಕೂರದ ಕಾರಣ ಜ್ಯೇಷ್ಠತಾ ಪಟ್ಟಿಯ ದಪ್ಪ ಸಂಪುಟವನ್ನು ಅದರ ಮೇಲಿಡಲಾಯಿತು. ಸದರಿ ಸಂಪುಟವು ಇದುವರೆಗೆ ಇಲಾಖೆಗೆ ನೀಡಿದ ಅತ್ಯಂತ ಉಪಯುಕ್ತ ಸೇವೆ ಇದಾಗಿರುತ್ತದೆ. ಮೂವತ್ತೈದು ನಿಮಿಷ ಸಭೆಯಲ್ಲಿ ಯಾರೂ ಕಾರ್ಯಸೂಚಿಯನ್ನು ಚರ್ಚಿಸಿರುವುದಿಲ್ಲ. ಎಲ್ಲರೂ ಬಾಗಿಲಿನ ಕಡೆಯಿಂದ ಬರುತ್ತಿದ್ದ ಪರಿಮಳವನ್ನು ಅವಗಾಹಿಸಿರುತ್ತಾರೆ.

22. ಮುಂದಿನದನ್ನು ಸಭೆಯ ನಡವಳಿಯಿಂದ ಯಥಾವತ್ತಾಗಿ ಉದ್ಧರಿಸಿದೆ.

ನಿರ್ದೇಶಕರು (ಒಂದನೇ ತುಂಡಿನ ನಂತರ): "ಇದರಲ್ಲಿ ಏನೇನು ಇಲ್ಲ, ಹೇಳಿಬಿಡಿ."
ಪ್ರಭಾರದವರು: "ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ, ಮೈದಾ ಇಲ್ಲ. ಒವನ್ ಇಲ್ಲ. ಬಾಳೆಹಣ್ಣೂ ಇಲ್ಲ ಸಾರ್."
ಅಸಲಿಯವರು: "ನಿಯಮದ ಪ್ರಕಾರ ಇದನ್ನ ಕೇಕ್ ಅನ್ನೋದಕ್ಕೆ ಬರಲ್ಲ."
ಚಾಲಕರು: "ಹಂಗಾದ್ರೆ ನಿಮ್ಮ ಪಾಲು ಇತ್ಲಾಗೆ ಕೊಡಿ ಸಾರ್."
ಅಸಲಿಯವರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡಿರುತ್ತಾರೆ.
ನಿರ್ದೇಶಕರು (ಎರಡನೇ ತುಂಡಿನ ನಂತರ): "ಅವರಿಗೆ ಒಂದು ಚಮಚ ವೆನಿಲಾ ಇರ್ಲಿಲ್ಲ ಅಂತ ಕೇಕೇ ಇಲ್ಲ. ಇವರಿಗೆ ಏನೂ ಇರ್ಲಿಲ್ಲ, ಕೇಕಿದೆ. ನಾಳೆ ಬೆಳಗ್ಗೆ ನಂಗೆ ಆಫೀಸು ನಡೀಬೇಕಲ್ಲಪ್ಪಾ. ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತು ನನ್ನ ಕತೆ."
ಪ್ರಭಾರದವರು: "ಬೆಣ್ಣೆನೂ ಇಲ್ಲ ಸಾರ್."
ನಿರ್ದೇಶಕರು: "ಗೊತ್ತಮ್ಮಾ. ಆ ಪ್ರಸ್ತಾವ ಎಲ್ಲಿದೆ, ತನ್ನಿ ಇತ್ತ."

ಉ. ಆದೇಶ

23. ಬೇರೆ ಕಚೇರಿಯಿಂದ ಅಧೀಕ್ಷಕರನ್ನು ತರಿಸುವ ಪ್ರಸ್ತಾವವನ್ನು ಈ ಮೂಲಕ ಮುಕ್ತಾಯಗೊಳಿಸಿದೆ. ಅಸಲಿ ಅಧೀಕ್ಷಕರು ಊಟದ ಡಬ್ಬಿಯಲ್ಲಿ ಎರಡು ತುಂಡುಗಳೊಂದಿಗೆ ಮೂಲ ಕಚೇರಿಗೆ ವರದಿ ಮಾಡಿಕೊಂಡಿರುತ್ತಾರೆ.

24. ಯಾವುದೇ ಪದಾರ್ಥವು ಇನ್ನೊಂದರ ಜಾಗದಲ್ಲಿ ಸತತ ಮೂರು ಕೇಕುಗಳವರೆಗೆ ದೂರಿಗೆ ಎಡೆಯಿಲ್ಲದಂತೆ ಕೆಲಸ ಮಾಡಿದಲ್ಲಿ, ಆ ಜಾಗವನ್ನು ಅದರದ್ದೇ ಎಂದು ಭಾವಿಸತಕ್ಕದ್ದು. ಏಳು ವರ್ಷ ನಾಲ್ಕು ತಿಂಗಳಲ್ಲಿ ಎಷ್ಟು ಕೇಕುಗಳಾಗುತ್ತವೆ ಎಂಬ ಲೆಕ್ಕವನ್ನು ಹಾಕುವ ಅಗತ್ಯ ಕಂಡುಬಂದಿರುವುದಿಲ್ಲ.

25. ಈ ಕಚೇರಿಯ ಅಧೀಕ್ಷಕಿಯವರ ಪದನಾಮದ ಹಿಂದಿದ್ದ ‘ಪ್ರಭಾರ’ ಎಂಬ ಪದವನ್ನು ಇಂದಿನಿಂದಲೇ ತೆಗೆದುಹಾಕಲಾಗಿದೆ. ಸದರಿ ಜಾಗದಲ್ಲಿ ಬೇರೆ ಯಾವ ಪದವನ್ನೂ ಬದಲಿಯಾಗಿ ಹಾಕಲಾಗಿರುವುದಿಲ್ಲ.

ನಿರ್ದೇಶಕರ ಅನುಮೋದನೆಯ ಮೇರೆಗೆ,

(ಸಹಿ)
ಅಧೀಕ್ಷಕಿ

(ಹೊಸ ಮೊಹರು ಬರುವವರೆಗೆ, ಹಳೆಯದರ ಮೊದಲ ಪದದ ಮೇಲೆ ಹೆಬ್ಬೆರಳಿಟ್ಟು ಒತ್ತಲಾಗಿದೆ. ಬೆರಳು: ಮುದ್ರೆ ಮಾಮ)

ಪ್ರತಿಗಳು:

1. ಅಸಲಿ ಅಧೀಕ್ಷಕರಿಗೆ, ವೆನಿಲಾ ಸಾರ ದೊರೆತ ಕೂಡಲೇ ಓದಿಕೊಳ್ಳುವ ಸಲುವಾಗಿ.
2. ಅಧೀಕ್ಷಕಿಯವರ ಅತ್ತೆಯವರಿಗೆ, ದಪ್ಪ ಅಕ್ಷರಗಳಲ್ಲಿ. ಪುಸ್ತಕವನ್ನು ಎತ್ತಿಟ್ಟ ಜಾಗದಲ್ಲೇ ಇರಗೊಡುವಂತೆ ಕೋರಿದೆ.
3. ಜೀಪಿನ ಚಾಲಕರಿಗೆ, ರಸ್ತೆಯ ಸ್ಥಿತಿಯ ಬಗ್ಗೆ ವಿವರಣೆ ಕೋರಿ.
4. ನಿರ್ದೇಶಕರ ಮನೆಗೆ, ಕುಂಬಳಕಾಯಿ ಪಾಕವಿಧಾನದೊಂದಿಗೆ, ಮೂರನೇ ನೆನಪೋಲೆಯ ನಿರೀಕ್ಷೆಯಲ್ಲಿ.
5. ಸೂಚನಾ ಫಲಕಕ್ಕೆ. ಗುಂಡುಪಿನ್ನು ದಾಸ್ತಾನಿಲ್ಲದ ಕಾರಣ ತಟ್ಟೆಯಂಚಿನ ಕೇಕಿನ ಹಿಟ್ಟಿನಿಂದ ಅಂಟಿಸಲಾಗಿದೆ. ದಯವಿಟ್ಟು ಯಾರೂ ನೆಕ್ಕಬಾರದು.
6. ಹೆಚ್ಚುವರಿ ಪ್ರತಿ ಇಪ್ಪತ್ತು, ಸಿಬ್ಬಂದಿಯವರಿಗೆ. ಓದಿದ ನಂತರ ಬೆಣ್ಣೆ ಕಾಗದದ ಪ್ರಭಾರದಲ್ಲಿ ಕೇಕಿನ ತಟ್ಟೆಯ ತಳಕ್ಕೆ ಹಾಸತಕ್ಕದ್ದು, ಅಕ್ಷರವಿರುವ ಮಗ್ಗುಲು ಕೆಳಕ್ಕೆ.